ಗುರುಗಳ ಟ್ರಂಕು ತೆರೆಯುವ ಮುನ್ನ: ಕಥೋಲಿಕ ಗುರುಗಳ ಖಾಸಗಿ ಕಾಗದಪತ್ರ ವಿಂಗಡಿಸಿ ಉಳಿಸುವ ಸಮಗ್ರ ಮಾರ್ಗದರ್ಶಿ

ಗುರುಗಳೊಬ್ಬರು ತೀರಿಕೊಂಡರೆ ಗುರುಮನೆಯ ಕೋಣೆಯನ್ನು ಬೇಗ ಬಿಟ್ಟುಕೊಡಬೇಕಾಗುತ್ತದೆ, ಮುಂದಿನವರು ಬರುವುದಿರುತ್ತದೆ. ಆ ಅವಸರದಲ್ಲಿ ತಂಗಿಯೋ ಅಣ್ಣನ ಮಗನೋ ಬಂದು ಕಾಗದವನ್ನೆಲ್ಲ ಗೋಣಿಚೀಲಕ್ಕೆ ತುಂಬಿ ಜೀಪಿಗೆ ಹಾಕಿಕೊಂಡು ಹೋಗುತ್ತಾರೆ. ಮಳೆಗಾಲ ಕಳೆದ ಮೇಲೆ ನನಗೆ ಫೋನ್ ಬರುತ್ತದೆ: "ಎಲ್ಲ ಒಂದಕ್ಕೊಂದು ಅಂಟಿಕೊಂಡುಬಿಟ್ಟಿದೆ, ಏನ್ಮಾಡೋದು?" ಇಲ್ಲವೇ, "ವಿಷಯದ ಪ್ರಕಾರ ಜೋಡಿಸಿದ್ವಿ, ಈಗ ಯಾವ ಕಾಗದ ಯಾವುದರ ಜೊತೆ ಇತ್ತೋ ಗೊತ್ತಾಗ್ತಿಲ್ಲ." ಹಾಸನ, ಸಕಲೇಶಪುರ, ಮೂಡಿಗೆರೆ ಕಡೆಯ ಮನೆಗಳಲ್ಲಿ ಇವೇ ತಪ್ಪುಗಳು ಮರುಕಳಿಸುವುದನ್ನು ನೋಡಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ತಪ್ಪು ನನ್ನದೇ. ನನ್ನ ಸೋದರಮಾವ ಗುರುಗಳಾಗಿದ್ದವರು. ಅವರ ಎರಡು ಟ್ರಂಕು ಮನೆಗೆ ಬಂದ ದಿನವೇ ನಾನು ಕೂತು ಲಕೋಟೆಗಳಿಂದ ಪತ್ರಗಳನ್ನು ಹೊರತೆಗೆದೆ, ಲಕೋಟೆಗಳನ್ನು ಒಲೆಗೆ ಹಾಕಿದೆ, ಪತ್ರಗಳನ್ನು ಮನೆಯವು, ಊರವು ಎಂದು ಎರಡು ರಾಶಿ ಮಾಡಿದೆ. ಪತ್ರ ಬರೆದವರಲ್ಲಿ ಬಹಳ ಜನ ತಾರೀಖು ಹಾಕಿರಲಿಲ್ಲ. ತಾರೀಖು ಇದ್ದದ್ದು ಅಂಚೆ ಮುದ್ರೆಯಲ್ಲಿ. ಇಂದಿಗೂ ಆ ಪತ್ರಗಳಲ್ಲಿ ಅರ್ಧಕ್ಕೆ ವರ್ಷ ಹೇಳಲು ನನ್ನಿಂದಾಗುವುದಿಲ್ಲ.

ಹಾಗಾಗಿ ಇಡೀ ಕೆಲಸದಲ್ಲಿ ಮುಖ್ಯವಾದದ್ದು ಕ್ರಮ. ಮೊದಲು ಇದ್ದದ್ದನ್ನು ಇದ್ದ ಹಾಗೆ ಫೋಟೋ ತೆಗೆಯಬೇಕು. ಆಮೇಲೆ ಯಾವುದು ಯಾರಿಗೆ ಸೇರಿದ್ದೆಂದು ಬೇರ್ಪಡಿಸಬೇಕು. ಅದಾದ ಮೇಲೆ ಒಣಗಿಸುವುದು, ಶುಚಿ ಮಾಡುವುದು, ಪಟ್ಟಿ ಬರೆಯುವುದು. ಓದುವುದು ಕಟ್ಟಕಡೆಗೆ. ನಾವೆಲ್ಲ ಓದುವುದರಿಂದ ಶುರುಮಾಡುತ್ತೇವೆ, ಕೆಡುವುದೂ ಅಲ್ಲಿಂದಲೇ.

ಕಾಲ ಮತ್ತು ಸಾಮಾನು

ಕೆಲಸಕ್ಕೆ ಒಳ್ಳೆಯ ಕಾಲ ಡಿಸೆಂಬರ್ ನಡುವಿನಿಂದ ಮಾರ್ಚ್ ಕೊನೆಯವರೆಗೆ. ಕಾಫಿ ಕಣದಲ್ಲಿ ಒಣಗುವ ದಿನಗಳಲ್ಲಿ ಕಾಗದವೂ ಒಣಗಿರುತ್ತದೆ ಎಂದಿಟ್ಟುಕೊಳ್ಳಿ. ಗಾಳಿಯ ತೇವಾಂಶ ಶೇಕಡಾ 65 ದಾಟಿ ಅಲ್ಲೇ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ, ಮಲೆನಾಡಿನ ಜುಲೈಯಲ್ಲಿ ಮನೆಯೊಳಗೂ ಅದಕ್ಕಿಂತ ಹೆಚ್ಚೇ ಇರುತ್ತದೆ. ಮಳೆಗಾಲದಲ್ಲೇ ಟ್ರಂಕು ಕೈಗೆ ಬಂದರೆ ಮೊದಲ ಮೂರು ಹಂತ ಮಾತ್ರ ಮುಗಿಸಿ, ಮಿಕ್ಕದ್ದನ್ನು ಒಣ ಹವೆ ಬರುವವರೆಗೆ ನಿಲ್ಲಿಸಿ. ನಾಲ್ಕನೇ ಹಂತದಲ್ಲಿ ಹೇಳುವ ಅಪಾಯಗಳು ಕಂಡರೆ ಮಾತ್ರ ಕಾಯಬೇಡಿ.

ಬೇಕಾದ ಸಾಮಾನು: 2ಬಿ ಪೆನ್ಸಿಲ್, ಅಗಲದ ಮೆತ್ತನೆ ಪೇಂಟ್ ಬ್ರಷ್, ಒಗೆದ ಬಿಳಿ ಹತ್ತಿ ಬಟ್ಟೆ, ಬಿಳಿ ಹತ್ತಿ ಲಾಡಿ, ಬ್ಲಾಟಿಂಗ್ ಪೇಪರ್, ಆಸಿಡ್ ಇಲ್ಲದ ಕಾಗದದ ಫೋಲ್ಡರ್‌ಗಳು, ಗಟ್ಟಿ ರಟ್ಟಿನ ಪೆಟ್ಟಿಗೆಗಳು, ಎನ್95 ಮಾಸ್ಕ್, ಕೈಗವಸು, ತೇವಾಂಶ ತೋರಿಸುವ ಸಣ್ಣ ಮೀಟರ್, ಒಂದು ದೊಡ್ಡ ಮೇಜು, ಗಟ್ಟಿ ರಟ್ಟಿನ ನೋಟ್ ಪುಸ್ತಕ. ಬಾಲ್ ಪೆನ್ನು, ಸೆಲ್ಲೋಟೇಪು, ಗೋಂದು, ರಬ್ಬರ್ ಬ್ಯಾಂಡು, ಸ್ಟೇಪ್ಲರ್ ಇವು ಆ ಕೋಣೆಯೊಳಕ್ಕೇ ಬರಬಾರದು. ಚಹಾ ಲೋಟವೂ ಹೊರಗೇ ಇರಲಿ.

ಹಂತ 1: ಮುಟ್ಟುವ ಮುನ್ನ ಫೋಟೋ

ಸಾಧ್ಯವಾದರೆ ಗುರುಮನೆಯ ಕೋಣೆಯಲ್ಲಿರುವಾಗಲೇ ತೆಗೆಯಿರಿ. ಮೇಜಿನ ಖಾನೆ, ಕಪಾಟಿನ ಒಂದೊಂದು ಅರೆ, ಮಂಚದ ಕೆಳಗೆ, ಪ್ರಾರ್ಥನಾ ಪುಸ್ತಕದ ಪಕ್ಕ, ಎಲ್ಲವನ್ನೂ. ಆಮೇಲೆ ಪ್ರತಿ ಜಾಗಕ್ಕೂ ಒಂದು ಅಕ್ಷರ ಕೊಡಿ: ಮೇಜು ಅ, ಕಪಾಟು ಆ, ಟ್ರಂಕು ಇ. ಆ ಜಾಗದಿಂದ ಬಂದ ಕಂತೆಗಳಿಗೆಲ್ಲ ಅದೇ ಅಕ್ಷರ, ಮೇಲಿನಿಂದ ಕೆಳಕ್ಕೆ ಒಂದು ಎರಡು ಮೂರು ಎಂದು ಸಂಖ್ಯೆ. ಸಂಖ್ಯೆಯನ್ನು ಕಾಗದದ ಚೀಟಿಯಲ್ಲಿ ಬರೆದು ಕಂತೆಯೊಳಗೆ ಸಿಕ್ಕಿಸಿ. ಮೂಲ ಕಾಗದದ ಮೇಲೆ ಬರೆಯಬೇಡಿ.

ಗುರುಮನೆಯಲ್ಲಿ ಅಡುಗೆ ಮಾಡುತ್ತಿದ್ದವರನ್ನು, ದೇವಾಲಯದ ಉಪದೇಶಿಯನ್ನು (ಧರ್ಮೋಪದೇಶ ಕಲಿಸುವವರನ್ನು) ಜೊತೆಗೆ ಕರೆದುಕೊಳ್ಳಿ. ಮಾವನ ಕೋಣೆಯಲ್ಲಿ ಒಂದು ನೀಲಿ ಬಿಸ್ಕತ್ ಡಬ್ಬಿ ಕಪಾಟಿನ ಮೇಲಿತ್ತು. ಅಡುಗೆಯ ಅಕ್ಕ ಅದನ್ನು ನೋಡಿ, "ಇದು ಅಲ್ಲಿರದಲ್ಲ ಕಣಮ್ಮ, ಸ್ವಾಮಿಯವ್ರು ದಿಂಬಿನ ಪಕ್ಕನೇ ಇಟ್ಕತಿದ್ರು, ಕೋಣೆ ಗುಡಿಸ್ವಾಗ ನಾನೇ ಎತ್ತಿಟ್ಟೆ" ಅಂದರು. ಅದರಲ್ಲಿದ್ದದ್ದು ಮಾವನ ತಾಯಿ ಹೇಳಿ ಬರೆಸಿದ ಹನ್ನೊಂದು ಪತ್ರ. ಡಬ್ಬಿ ಎಲ್ಲಿತ್ತು ಎನ್ನುವುದೂ ದಾಖಲೆಯೇ. ಇಂಥವರು ಹೇಳಿದ್ದನ್ನು ಅಲ್ಲೇ ಬರೆದುಕೊಳ್ಳಿ. ಆ ಮಾತು ಇನ್ನೊಮ್ಮೆ ಸಿಗುತ್ತದೆಂದು ನಂಬಬೇಡಿ.

ಹಂತ 2: ಕಾಯಲಾಗದ ಕಾಗದಗಳು

ಕೆಲವು ಕಾಗದಕ್ಕೆ ಗಡುವಿರುತ್ತದೆ. ಇವನ್ನು ಮೊದಲ ವಾರದಲ್ಲೇ ಹುಡುಕಿ.

ಎಲ್ಲಕ್ಕಿಂತ ಮುಂಚೆ ಪೂಜಾ ಕಾಣಿಕೆಯ ಪುಸ್ತಕ. ಯಾರ ಉದ್ದೇಶಕ್ಕಾಗಿ ಬಲಿಪೂಜೆ ಒಪ್ಪಿಕೊಂಡರು, ಯಾವುದನ್ನು ಅರ್ಪಿಸಿ ಮುಗಿಸಿದರು ಎಂದು ಪ್ರತಿಯೊಬ್ಬ ಗುರುವೂ ಸರಿಯಾಗಿ ಬರೆದಿಡಬೇಕೆಂದು 1983ರ ಧರ್ಮಸಭಾ ಕಾನೂನು ಸಂಹಿತೆಯ 955ನೇ ವಿಧಿ ಹೇಳುತ್ತದೆ. ನೋಡಲು ಅದು ಹಾಲಿನ ಲೆಕ್ಕದ ಪುಸ್ತಕದಂತೆ, ಕೆಲವೊಮ್ಮೆ ಡೈರಿಯ ಹಿಂಬದಿಯ ಹಾಳೆಗಳಂತೆ ಇರುತ್ತದೆ. ಹೆಸರು, ಮೊತ್ತ, ಮುಂದೊಂದು ಗುರುತು. ಗುರುತಿಲ್ಲದ ಹೆಸರು ಎಂದರೆ ಇನ್ನೂ ಅರ್ಪಣೆಯಾಗದ ಪೂಜೆ ಇರಬಹುದು. ಸತ್ತ ತಂದೆಗೆಂದು ಯಾರೋ ಕೂಲಿಯ ಹಣದಲ್ಲಿ ಕೊಟ್ಟಿರುತ್ತಾರೆ. ಗುರುಗಳು ತೀರಿಕೊಂಡರೆಂದು ಆ ಹೊಣೆ ತೀರುವುದಿಲ್ಲ, ಬೇರೆ ಗುರುಗಳು ಅದನ್ನು ಅರ್ಪಿಸಬೇಕು. ಆ ಪುಸ್ತಕವನ್ನು ಧರ್ಮಾಧ್ಯಕ್ಷರ (ಬಿಷಪ್ಪರ) ಕಚೇರಿಗೆ ತೋರಿಸುವುದನ್ನು ತಿಂಗಳುಗಟ್ಟಲೆ ಮುಂದೂಡಬೇಡಿ. ಮನೆಯವರು ಇದನ್ನು ಹಳೇ ಲೆಕ್ಕ ಎಂದು ರದ್ದಿಗೆ ಹಾಕಿದ್ದನ್ನು ನಾನು ಒಂದಕ್ಕಿಂತ ಹೆಚ್ಚು ಸಲ ಕೇಳಿದ್ದೇನೆ. ಈ ಬರಹದಲ್ಲಿ ಒಂದೇ ಒಂದು ಸಾಲು ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಎರಡನೆಯದು ಬಿಡಿ ಚೀಟಿಗಳು. ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲೋ ಆಸ್ಪತ್ರೆಯಲ್ಲೋ ತುರ್ತಾಗಿ ಜ್ಞಾನಸ್ನಾನ ಕೊಟ್ಟು, ಹೆಸರನ್ನು ಜೇಬಿನ ಡೈರಿಯಲ್ಲಿ ಗುರುತು ಹಾಕಿಕೊಂಡು, ದೊಡ್ಡ ಪುಸ್ತಕಕ್ಕೆ ಏರಿಸುವುದು ಉಳಿದಿರಬಹುದು. ಮಗುವಿನ ಹೆಸರು, ತಂದೆತಾಯಿ, ಸಾಕ್ಷಿ ಇವರ ಹೆಸರುಳ್ಳ ಯಾವ ಚೀಟಿ ಸಿಕ್ಕರೂ ಆ ಧರ್ಮಕೇಂದ್ರದ (ಪ್ಯಾರಿಷ್) ಗುರುಗಳಿಗೆ ತೋರಿಸಿ, ಅಲ್ಲಿನ ಪುಸ್ತಕದೊಂದಿಗೆ ತಾಳೆ ನೋಡಲು ಕೇಳಿ. ಮುಂದೆ ಆ ಮಗುವಿಗೆ ಮದುವೆ ಗೊತ್ತಾದಾಗ ಜ್ಞಾನಸ್ನಾನದ ಪತ್ರ ಕೇಳುತ್ತಾರೆ, ಪುಸ್ತಕದಲ್ಲಿ ಹೆಸರಿಲ್ಲದಿದ್ದರೆ ಪರದಾಟ.

ಮೂರನೆಯದು ಹಣದ್ದು. ಪಾಸ್ ಪುಸ್ತಕ, ಠೇವಣಿ ರಸೀದಿ, ಚೆಕ್ ಪುಸ್ತಕ, ಎಲ್ಲೈಸಿ ಪಾಲಿಸಿ. ಖಾತೆ ಗುರುಗಳ ಹೆಸರಿನಲ್ಲಿದ್ದರೂ ಒಳಗಿನ ಹಣ ದೇವಾಲಯದ್ದೋ ಶಾಲೆಯದ್ದೋ ಆಗಿರಬಹುದು. ಈಗಿನ ವಿಚಾರಣಾ ಗುರುಗಳ ಎದುರಿಗೆ ಪಟ್ಟಿ ಮಾಡಿ, ಇಬ್ಬರೂ ಸಹಿ ಹಾಕಿ. ಎಟಿಎಂ ಪಿನ್ ಬರೆದ ಚೀಟಿ ಸಿಕ್ಕಿತೆಂದು ಹಣ ತೆಗೆಯಲು ಹೋಗಬೇಡಿ.

ಹಂತ 3: ಯಾವುದು ಯಾರದ್ದು

ಇದು ಅತ್ಯಂತ ಕಷ್ಟದ ಹಂತ, ಜನ ದಾಟಿಹೋಗುವುದೂ ಇದನ್ನೇ. ಮೇಲ್ನೋಟಕ್ಕೆ, ಅಂದರೆ ತಲೆಬರಹ, ಮುದ್ರೆ, ಸಹಿ ಇಷ್ಟನ್ನೇ ನೋಡಿ, ಒಳಗೆ ಓದದೆ, ಕಂತೆಗಳನ್ನು ನಾಲ್ಕು ಗುಂಪು ಮಾಡಿ.

ಮೊದಲನೆಯದು ಧರ್ಮಕೇಂದ್ರದ್ದು, ಧರ್ಮಪ್ರಾಂತ್ಯದ್ದು (ಧರ್ಮಾಧ್ಯಕ್ಷರ ಆಡಳಿತದ ಸೀಮೆಯದ್ದು). ಜ್ಞಾನಸ್ನಾನ, ಮದುವೆ, ಮರಣದ ಪುಸ್ತಕಗಳು ಅದೇ ಸಂಹಿತೆಯ 535ನೇ ವಿಧಿಯ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿ ಇರಲೇಬೇಕಾದವು. ಅದರ ಜೊತೆಗೆ ದೇವಾಲಯದ ಜಮೀನಿನ ಪತ್ರ, ನಕ್ಷೆ, ಕಟ್ಟಡದ ಲೆಕ್ಕ, ಧರ್ಮಕೇಂದ್ರದ ಮುದ್ರೆ. ಬಹಳ ವರ್ಷ ಒಂದೇ ಕಡೆ ಇದ್ದ ಗುರುಗಳು ನಿವೃತ್ತಿಗೆ ಹೋಗುವಾಗ ಇಂಥದ್ದೇನಾದರೂ ಜೊತೆಗೆ ಬಂದಿರುತ್ತದೆ, ಬೇಕೆಂದು ತಂದದ್ದಲ್ಲ. ಎಷ್ಟೇ ಹಳೆಯದಾದರೂ ಅದು ಕುಟುಂಬದ್ದಲ್ಲ; ವಾಪಸು ಕೊಟ್ಟು ರಸೀದಿ ಪಡೆಯಿರಿ.

ಎರಡನೆಯದು ಬೇರೆಯವರ ಮೂಲ ದಾಖಲೆಗಳು. ನಮ್ಮ ಕಡೆಯ ಗುರುಗಳ ಟ್ರಂಕಿನಲ್ಲಿ ಇವು ಎಷ್ಟಿರುತ್ತವೆಂದರೆ ಹೊರಗಿನವರಿಗೆ ಆಶ್ಚರ್ಯವಾದೀತು. ಸೋರುವ ಲೈನ್ ಮನೆಯಲ್ಲಿ ಕಾಗದ ಉಳಿಯುವುದಿಲ್ಲವೆಂದು ಕೂಲಿಯವರು ತಂದು ಕೊಟ್ಟಿರುತ್ತಾರೆ: ಸಾಗುವಳಿ ಚೀಟಿ, ಹಕ್ಕುಪತ್ರ, ಬಗರ್ ಹುಕುಂನ (ಸರ್ಕಾರಿ ಜಮೀನಿನ ಸಾಗುವಳಿಯನ್ನು ಸಕ್ರಮ ಮಾಡುವ) ನಮೂನೆ 50, ನಮೂನೆ 53ರ ಸ್ವೀಕೃತಿ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಪಿಎಫ್ ಚೀಟಿ. ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಬಂದು ಶೆಟ್ಟಿಹಳ್ಳಿಯಂಥ ಊರುಗಳು ಎದ್ದುಹೋದ ಕಾಲದಲ್ಲಿ ಹಾಸನ ಸೀಮೆಯಲ್ಲಿದ್ದವರ ಕಾಗದವಾದರೆ ಪರಿಹಾರದ ಅರ್ಜಿ, ಬದಲಿ ಜಮೀನಿನ ಆದೇಶಗಳಿಗಾಗಿ ಎರಡು ಸಲ ಹುಡುಕಿ. ಇಂಥ ಒಂದು ಹಾಳೆಯಿಂದ ಒಂದು ಮನೆಯ ಜಮೀನು ನಿಲ್ಲಬಹುದು. ಇವುಗಳನ್ನು ಮಾಲೀಕರಿಗೆ ಅಥವಾ ಅವರ ಮಕ್ಕಳಿಗೆ ಗುರುತು ನೋಡಿ, ಇಬ್ಬರು ಸಾಕ್ಷಿಗಳ ಎದುರು ಕೊಟ್ಟು ಸಹಿ ಮಾಡಿಸಿಕೊಳ್ಳಿ. ಪೂಜೆಯ ನಂತರದ ಪ್ರಕಟಣೆಯಲ್ಲಿ, ಗುರುಗಳ ಬಳಿ ಕಾಗದ ಇಟ್ಟವರು ಬಂದು ವಿಚಾರಿಸಲಿ ಎಂದಷ್ಟೇ ಹೇಳಿಸಿ, ಹೆಸರು ಓದಿಸಬೇಡಿ.

ಮೂರನೆಯದು ಆತ್ಮಸಾಕ್ಷಿಯ ಪತ್ರಗಳು. ಗಂಡ ಹೆಂಡಿರ ಕಲಹ, ಕುಡಿತ, ಮಗಳ ಬಸಿರು, ಸಾಲ, ಸನ್ಯಾಸ ಬಿಡುವ ಯೋಚನೆ, ಹೀಗೆ ಗುರುಗಳೊಬ್ಬರೇ ಓದುತ್ತಾರೆಂದು ನಂಬಿ ಬರೆದವು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಬರೆದಿಡುವುದಿಲ್ಲ. ಆದರೂ ಅದಕ್ಕೆ ತಾಗುವ ಒಂದು ಸಾಲು ಯಾವ ಪತ್ರದಲ್ಲಾದರೂ ಕಣ್ಣಿಗೆ ಬಿದ್ದರೆ, 983ನೇ ವಿಧಿ ಗುರುವಿಗೆ ಮಾತ್ರವಲ್ಲ, ಯಾವುದೇ ರೀತಿಯಲ್ಲಿ ಅದನ್ನು ತಿಳಿದವರಿಗೂ ಗೌಪ್ಯವನ್ನು ಕಡ್ಡಾಯ ಮಾಡುತ್ತದೆ. ಅಂದರೆ ನಿಮಗೂ. ಮೊದಲ ಸಾಲಿನಲ್ಲೇ ಇಂಥದ್ದೆಂದು ಗೊತ್ತಾದರೆ ಅಲ್ಲಿಗೇ ನಿಲ್ಲಿಸಿ, ಲಕೋಟೆಗೆ ಹಾಕಿ ಅಂಟಿಸಿ, ಮೇಲೆ ಕಂತೆಯ ಸಂಖ್ಯೆ ಮಾತ್ರ ಬರೆಯಿರಿ. ಪಟ್ಟಿಯಲ್ಲಿ ಬರೆದವರ ಹೆಸರು ಹಾಕಬೇಡಿ. ಇವನ್ನು ಸುಡಬೇಕೇ ಇಡಬೇಕೇ ಎಂಬ ತೀರ್ಮಾನ ನಿಮ್ಮೊಬ್ಬರದಾಗದಿರಲಿ. ಧರ್ಮಾಧ್ಯಕ್ಷರು ನೇಮಿಸಿದ ಒಬ್ಬ ಹಿರಿಯ ಗುರುಗಳ ಕೈಗೆ ಮುಚ್ಚಿದ ಲಕೋಟೆಗಳನ್ನೇ ಒಪ್ಪಿಸುವುದು ಸರಿಯಾದ ದಾರಿ ಎಂಬುದು ನನ್ನ ಅಭಿಪ್ರಾಯ. ಆ ಪತ್ರ ಬರೆದ ಹೆಂಗಸು ಇಂದಿಗೂ ಅದೇ ಊರಿನಲ್ಲಿ, ಅದೇ ದೇವಾಲಯದ ಬೆಂಚಿನಲ್ಲಿ ಕೂರುತ್ತಿರಬಹುದು.

ನಾಲ್ಕನೆಯದು ನಿಜವಾಗಿ ಖಾಸಗಿಯಾದದ್ದು: ಮನೆಯ ಪತ್ರಗಳು, ದಿನಚರಿ, ಪ್ರಬೋಧನೆಯ ಟಿಪ್ಪಣಿ, ಗುರುಮಠದ (ಗುರುಗಳಾಗಲು ಓದುವ ಸೆಮಿನರಿಯ) ನೋಟ್ಸು, ಫೋಟೋ, ಗುರುದೀಕ್ಷೆಯ ನೆನಪಿನ ಚಿತ್ರಗಳು, ವರ್ಗಾವಣೆಯ ಆದೇಶಗಳು. ಧರ್ಮಪ್ರಾಂತ್ಯದ ಗುರುಗಳಾದರೆ ಅವರಿಗೆ ಸ್ವಂತ ಆಸ್ತಿ ಇರಬಹುದು, ಉಯಿಲು ಇದ್ದರೆ ಅದರಂತೆ ನಡೆಯಬೇಕು, ಇಲ್ಲವಾದರೆ ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ. ಯೇಸುಸಭೆ, ಕಪುಚಿನ್ ಮುಂತಾದ ಸನ್ಯಾಸ ಸಭೆಗಳಲ್ಲಿ ವ್ರತ ತೊಟ್ಟವರ ವಿಷಯ ಬೇರೆ. ಅವರು ದುಡಿದು ಗಳಿಸಿದ್ದು ಸಭೆಗೆ ಸೇರುತ್ತದೆಂದು 668ನೇ ವಿಧಿಯಲ್ಲಿದೆ. ಅಂಥವರ ಟ್ರಂಕು ಮನೆಗೆ ತರುವ ಮೊದಲೇ ಅವರ ಸಭೆಯ ಪ್ರಾಂತ್ಯಾಧಿಕಾರಿಗಳಿಗೆ ತಿಳಿಸಿ.

ಹಂತ 4: ತೇವ, ಬೂಷ್ಟು, ಹುಳ

ಕಾಗದ ಒದ್ದೆಯಾಗಿದ್ದರೆ 48 ಗಂಟೆಯೊಳಗೆ ಒಣಗಿಸಲು ಶುರುಮಾಡಿ. ಆಮೇಲೆ ಬೂಷ್ಟು ಬರುತ್ತದೆ. ಬಿಸಿಲಿಗೆ ಹರಡಬೇಡಿ, ಒಲೆಯ ಹತ್ತಿರ ಇಡಬೇಡಿ, ಇಸ್ತ್ರಿ ಹಾಕಬೇಡಿ. ನೆರಳಿನ ಕೋಣೆಯಲ್ಲಿ ಬಟ್ಟೆಯ ಮೇಲೆ ಹರಡಿ, ಫ್ಯಾನಿನ ಗಾಳಿ ನೇರ ಬೀಳದಂತೆ ಗೋಡೆಯ ಕಡೆ ತಿರುಗಿಸಿ, ಪುಸ್ತಕವಾದರೆ ಇಪ್ಪತ್ತು ಹಾಳೆಗೊಂದು ಬ್ಲಾಟಿಂಗ್ ಪೇಪರ್ ಸಿಕ್ಕಿಸಿ, ಒದ್ದೆಯಾದಂತೆ ಬದಲಿಸುತ್ತಿರಿ. ಅಂಟಿಕೊಂಡ ಹಾಳೆಗಳನ್ನು ಎಳೆದು ಬಿಡಿಸಲು ಹೋಗಬೇಡಿ. ಅರ್ಧ ಬಿಡಿಸಿದ್ದಕ್ಕಿಂತ ಅಂಟಿಕೊಂಡದ್ದೇ ಮೇಲು, ಅದನ್ನು ಮುಂದೆ ತಿಳಿದವರು ಬಿಡಿಸಬಹುದು.

ಎಚ್ಚರಿಕೆಯ ಗುರುತುಗಳು ಹೀಗಿರುತ್ತವೆ. ಬೂಷ್ಟನ್ನು ಬ್ರಷ್ಷಿನ ತುದಿಯಿಂದ ಮುಟ್ಟಿದಾಗ ಪುಡಿಯಾಗಿ ಉದುರಿದರೆ ಸತ್ತಿದೆ, ಎಣ್ಣೆಯಂತೆ ಹರಡಿದರೆ ಜೀವಂತವಾಗಿದೆ. ಜೀವಂತವಾದದ್ದನ್ನು ಬೇರೆ ಕೋಣೆಗೆ ಒಯ್ದು, ಒಣಗಿದ ಮೇಲೆಯೇ, ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ ಬ್ರಷ್ ಮಾಡಿ. ಫಿಲಂ ನೆಗೆಟಿವ್‌ನಿಂದ ವಿನೆಗರ್ ವಾಸನೆ ಬಂದರೆ ಅದು ಒಳಗಿನಿಂದ ಕೊಳೆಯುತ್ತಿದೆ ಎಂದರ್ಥ, ಉಳಿದ ಫೋಟೋಗಳಿಂದ ದೂರವಿಡಿ. ಹಳೆಯ ಕಬ್ಬಿಣದ ಶಾಯಿಯ ಅಕ್ಷರದ ಸುತ್ತ ಕಂದು ನೆರಳು ಕಂಡರೆ ಅಲ್ಲಿ ಮಡಿಸಬೇಡಿ, ಅಕ್ಷರವೇ ಉದುರುತ್ತದೆ. ಟ್ರಂಕಿನ ಮೂಲೆಯಲ್ಲಿ ಮಣ್ಣಿನ ಗೆರೆ ಗೆದ್ದಲಿನದು. ಟ್ರಂಕನ್ನು ಮನೆಯೊಳಕ್ಕೆ ತರಬೇಡಿ.

ಬೆಳ್ಳಿ ಹುಳ, ಪುಸ್ತಕದ ಹುಳ ಇದ್ದರೆ ಔಷಧಿ ಸಿಂಪಡಿಸುವ ಅಗತ್ಯವಿಲ್ಲ. ಒಣಗಿದ ಕಾಗದವನ್ನು ಗಟ್ಟಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಗಾಳಿ ತೆಗೆದು ಭದ್ರಪಡಿಸಿ, ಡೀಪ್ ಫ್ರೀಜರ್‌ನಲ್ಲಿ ಮೈನಸ್ 18 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಎರಡು ವಾರ ಇಡಿ. ಹೊರತೆಗೆದ ಮೇಲೆ ಪೂರ್ತಿ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ನೀರಿನ ಹನಿ ಕಾಗದದ ಮೇಲೆ ಕೂರುತ್ತದೆ. ಸಾಮಾನ್ಯ ಫ್ರಿಜ್ಜಿನ ಮೇಲಿನ ಖಾನೆಯ ತಂಪು ಇದಕ್ಕೆ ಸಾಲದೇ ಹೋಗಬಹುದು. ಫೋಟೋ, ನೆಗೆಟಿವ್‌ಗಳನ್ನು ಹೀಗೆ ಮಾಡಬೇಡಿ. ನುಸಿ ಗುಳಿಗೆ ಬೇಡ. ಬೇವಿನ ಎಲೆಯನ್ನು ಪುಟಗಳ ಮಧ್ಯೆ ಇಡುವ ರೂಢಿ ನಮ್ಮಲ್ಲಿದೆ. ಎಲೆಯ ಕಲೆ ಕಾಗದದ ಮೇಲೆ ಉಳಿದುಬಿಡುತ್ತದೆ, ಹುಳ ಸಾಯುವುದಿಲ್ಲ.

ಹಂತ 5: ಪಿನ್ನು ಬಿಚ್ಚಿ ಫೋಲ್ಡರ್‌ಗೆ

ತುಕ್ಕು ಹಿಡಿದ ಗುಂಡುಪಿನ್ನು, ಕ್ಲಿಪ್ಪು, ರಬ್ಬರ್ ಬ್ಯಾಂಡು ತೆಗೆಯಿರಿ. ಪಿನ್ನನ್ನು ಎಳೆಯಬೇಡಿ, ಕಾಗದ ಮತ್ತು ಪಿನ್ನಿನ ಮಧ್ಯೆ ತೆಳು ಪ್ಲಾಸ್ಟಿಕ್ ಚೂರು ತೂರಿಸಿ ಮೇಲಕ್ಕೆತ್ತಿ. ಒಟ್ಟಿಗಿದ್ದ ಹಾಳೆಗಳು ಒಟ್ಟಿಗೇ ಒಂದು ಫೋಲ್ಡರ್‌ನಲ್ಲಿರಲಿ. ಲಕೋಟೆಯನ್ನು ಪತ್ರದ ಹಿಂದೆಯೇ ಇಡಿ, ಅಂಚೆಚೀಟಿಯನ್ನು ಮಕ್ಕಳಿಗೆಂದು ಕತ್ತರಿಸಿ ಕೊಡಬೇಡಿ. ಪ್ರಾರ್ಥನಾ ಪುಸ್ತಕದಲ್ಲಿ ಸಿಕ್ಕಿಸಿದ ಪವಿತ್ರ ಚಿತ್ರಗಳನ್ನು ತೆಗೆಯುವುದಾದರೆ ಯಾವ ಪುಟದಲ್ಲಿತ್ತೆಂದು ಬರೆದುಕೊಳ್ಳಿ; ಗುರುದೀಕ್ಷೆ ಮತ್ತು ಮರಣದ ನೆನಪಿನ ಚಿತ್ರಗಳ ಹಿಂಬದಿಯಲ್ಲಿ ನಿಖರವಾದ ತಾರೀಖುಗಳಿರುತ್ತವೆ.

ಲ್ಯಾಮಿನೇಷನ್ ಮಾಡಿಸಬೇಡಿ. ಕಾಗದ ಬಿಸಿಯಲ್ಲಿ ಪ್ಲಾಸ್ಟಿಕ್ಕಿಗೆ ಬೆಸೆದುಹೋಗುತ್ತದೆ, ಹಿಂದಕ್ಕೆ ತರುವ ದಾರಿಯಿಲ್ಲ. ಗುರುಗಳ ದೀಕ್ಷೆಯ ಪತ್ರಕ್ಕೆ ಗೌರವವೆಂದು ಮಾಡಿಸಿ, ಒಳಗಿದ್ದ ತೇವದಿಂದ ಎರಡೇ ಮಳೆಗಾಲದಲ್ಲಿ ಕಪ್ಪು ಚುಕ್ಕಿ ಬಿದ್ದದ್ದನ್ನು ನೋಡಿ ಆ ಮನೆಯ ತಾಯಿ ಅತ್ತದ್ದು ನನಗೆ ಮರೆತಿಲ್ಲ.

ಹಂತ 6: ಪಟ್ಟಿ ಬರೆಯುವುದು, ತಾರೀಖು ಹಿಡಿಯುವುದು

ಪ್ರತಿ ಫೋಲ್ಡರ್‌ಗೂ ಒಂದು ಸಾಲು: ಸಂಖ್ಯೆ, ಏನು, ಯಾರಿಂದ ಯಾರಿಗೆ, ತಾರೀಖು, ಭಾಷೆ, ಎಷ್ಟು ಹಾಳೆ, ಸ್ಥಿತಿ. ಪ್ರತಿ ಹಾಳೆಯನ್ನೂ ವಿವರಿಸಲು ಹೊರಟವರು ಮೂರನೇ ವಾರಕ್ಕೆ ಕೈಬಿಡುತ್ತಾರೆ. ಫೋಲ್ಡರ್ ಮಟ್ಟಕ್ಕೆ ಮುಗಿಸಿ, ಬೇಕಾದರೆ ಆಮೇಲೆ ಒಳಗಿಳಿಯಿರಿ.

ಭಾಷೆಯಲ್ಲಿ ಮೊದಲ ಎಡವು ಕೊಂಕಣಿಯದು. ಮಂಗಳೂರು ಮೂಲದ ಕುಟುಂಬಗಳು ಕೊಂಕಣಿಯನ್ನು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. "ಮೊಗಾಚ್ಯಾ" ಎಂದು ಶುರುವಾಗುವ ಪತ್ರವನ್ನು ಅರ್ಥವಾಗದ ಕನ್ನಡ ಎಂದು ಪಕ್ಕಕ್ಕಿಟ್ಟವರಿದ್ದಾರೆ. ಅದು ಪ್ರೀತಿಯ ಎಂದು ಕರೆಯುವ ಮಾತು, ಬಹುಶಃ ಅತ್ಯಂತ ಆಪ್ತರ ಪತ್ರ.

ಎರಡನೆಯದು ಹೆಸರು. ಹಳೆಯ ಲ್ಯಾಟಿನ್ ದಾಖಲೆಯಲ್ಲಿ ಪೌಲುಸ್ ಎಂದಿರುವವನು ಊರ ಪತ್ರದಲ್ಲಿ ಚಿನ್ನಪ್ಪ. ಪೇತ್ರುಸ್ ಅಂದರೆ ರಾಯಪ್ಪ, ಯೊವಾನ್ನೆಸ್ ಅಂದರೆ ಅರುಳಪ್ಪ, ಇಗ್ನಾಸಿಯುಸ್ ಅಂದರೆ ಇನ್ನಾಸಪ್ಪ, ಕ್ಸೇವಿಯರ್ ಅಂದರೆ ಚೌರಪ್ಪ. ಇಬ್ಬರೆಂದು ಪಟ್ಟಿ ಮಾಡಿದರೆ ಒಬ್ಬನೇ ಮನುಷ್ಯನ ಕಾಗದ ಎರಡು ಕಡೆ ಚದುರುತ್ತದೆ. ಪಟ್ಟಿಯಲ್ಲಿ ಇದ್ದ ರೂಪವನ್ನೇ ಬರೆದು ಪಕ್ಕದಲ್ಲಿ ಇನ್ನೊಂದನ್ನು ಸೇರಿಸಿ.

ಮೂರನೆಯದು ತಾರೀಖು. ಲ್ಯಾಟಿನ್ ಅಥವಾ ಫ್ರೆಂಚ್ ಕೈಬರಹದಲ್ಲಿ 7ರ ಪಕ್ಕ "ಬ್ರಿಸ್" ಅಥವಾ "ಬ್ರ್" ಎಂಬ ಬಾಲ ಇದ್ದರೆ ಅದು ಜುಲೈ ಅಲ್ಲ, ಸೆಪ್ಟೆಂಬರ್. ಲ್ಯಾಟಿನ್ನಿನಲ್ಲಿ ಸೆಪ್ತೆಮ್ ಎಂದರೆ ಏಳು. ಹಾಗೆಯೇ 8 ಅಕ್ಟೋಬರ್, 9 ನವೆಂಬರ್, ರೋಮನ್ ಹತ್ತು ಡಿಸೆಂಬರ್. ಈ ಒಂದು ತಪ್ಪಿನಿಂದ ಎರಡು ತಿಂಗಳು ಆಚೀಚೆಯಾಗಿ ಮದುವೆಗಿಂತ ಮೊದಲೇ ಮಗು ಹುಟ್ಟಿದಂತೆ ಬರೆದ ವಂಶಾವಳಿಯೊಂದನ್ನು ನಾನು ತಿದ್ದಿಕೊಟ್ಟಿದ್ದೇನೆ. ಫ್ರೆಂಚರು 1ಕ್ಕೆ ಉದ್ದ ಕೊಂಡಿ ಹಾಕುತ್ತಾರೆ, ಅದು 7ರಂತೆ ಕಾಣುತ್ತದೆ. ಅವರ ನಿಜವಾದ 7ಕ್ಕೆ ನಡುವೆ ಅಡ್ಡಗೆರೆ ಇರುತ್ತದೆ.

ಹಬ್ಬದ ಹೆಸರಿನಿಂದ ತಾರೀಖು ಹಾಕುವುದೂ ಗುರುಗಳ ರೂಢಿ. ತೆನೆ ಹಬ್ಬ (ಮಾತೆ ಮರಿಯಳ ಜನನದ ಹಬ್ಬ) ಸೆಪ್ಟೆಂಬರ್ 8. ಪಾಸ್ಕ (ಈಸ್ಟರ್) ವರ್ಷವರ್ಷ ಬದಲಾಗುತ್ತದೆ, ಆಯಾ ವರ್ಷದ ಪಂಚಾಂಗ ನೋಡಲೇಬೇಕು. ಆದರೆ ಬಹಳ ಜನ ಮುಗ್ಗರಿಸುವುದು ಸ್ಥಿರ ಎಂದುಕೊಂಡ ಹಬ್ಬಗಳಲ್ಲಿ. 1970ರಿಂದ ಧರ್ಮಸಭೆಯ ಪಂಚಾಂಗ ಬದಲಾಯಿತು. ಅದಕ್ಕಿಂತ ಹಿಂದಿನ ಪತ್ರದಲ್ಲಿ ಸಂತ ತೋಮಸರ ಹಬ್ಬ ಎಂದರೆ ಡಿಸೆಂಬರ್ 21, ಈಗಿನಂತೆ ಜುಲೈ 3 ಅಲ್ಲ. ಕ್ರಿಸ್ತರಾಜರ ಹಬ್ಬ ಆಗ ಅಕ್ಟೋಬರ್ ಕೊನೆಯ ಭಾನುವಾರ, ಈಗ ನವೆಂಬರ್ ಕೊನೆಗೆ ಬರುತ್ತದೆ.

ತಾರೀಖೇ ಇಲ್ಲದಿದ್ದರೆ ಲಕೋಟೆ ನೋಡಿ. ಅಂಚೆಚೀಟಿಯ ಬೆಲೆ ಆಣೆಯಲ್ಲಿದ್ದರೆ ಸುಮಾರು 1957ರ ಹಿಂದಿನದು. ನಯೇ ಪೈಸೆ ಎಂದಿದ್ದರೆ ಆ ಚೀಟಿ 1957ರಿಂದ 1964ರ ನಡುವಿನ ಹಣದ ಹೆಸರು ಹೊತ್ತದ್ದು. ವಿಳಾಸದಲ್ಲಿ ಪಿನ್ ಕೋಡ್ ಇದ್ದರೆ 1972ರ ಆಗಸ್ಟ್ 15ರ ಈಚಿನದು ಖಂಡಿತ. ಮೈಸೂರು ರಾಜ್ಯ ಎಂದು ಬರೆದಿದ್ದರೆ ಬಹುಮಟ್ಟಿಗೆ 1973ರ ನವೆಂಬರ್‌ಗಿಂತ ಹಿಂದಿನದು, ಅಭ್ಯಾಸಬಲದಿಂದ ಆಮೇಲೂ ಬರೆದವರಿರಬಹುದು. ಧರ್ಮಾಧ್ಯಕ್ಷರ ತಲೆಬರಹವೂ ಹೇಳುತ್ತದೆ: ಚಿಕ್ಕಮಗಳೂರು ಧರ್ಮಪ್ರಾಂತ್ಯವಾದದ್ದು 1963ರಲ್ಲಿ, ಅದಕ್ಕೆ ಮೊದಲು ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಆದೇಶ ಮೈಸೂರಿನಿಂದ ಬರುತ್ತಿತ್ತು, 1940ಕ್ಕೂ ಹಿಂದೆ ಮೈಸೂರು ಧರ್ಮಪ್ರಾಂತ್ಯದ ಪೀಠವೇ ಬೆಂಗಳೂರಿನಲ್ಲಿತ್ತು. ಶಿವಮೊಗ್ಗ ಬೇರೆಯಾದದ್ದು 1988ರಲ್ಲಿ. ಆದ್ದರಿಂದ ಭದ್ರಾವತಿಯಲ್ಲೋ ಸಾಗರದಲ್ಲೋ ಇದ್ದಾಗಿನ ಹಳೆಯ ವರ್ಗಾವಣೆ ಪತ್ರದ ಮೇಲೆ ಚಿಕ್ಕಮಗಳೂರಿನ ಮುದ್ರೆ ಕಂಡರೆ ಗೊಂದಲ ಬೇಡ.

ಊಹಿಸಿದ ತಾರೀಖನ್ನು ಪಟ್ಟಿಯಲ್ಲಿ ಚೌಕ ಆವರಣದೊಳಗೆ ಬರೆದು, ಊಹೆಗೆ ಕಾರಣ ಪಕ್ಕದಲ್ಲಿ ಹಾಕಿ.

ಹಂತ 7: ನಕಲು ತೆಗೆಯುವುದು

ಪಟ್ಟಿ ಮುಗಿದ ಮೇಲೆ, ಹಂತ 3ರ ನಾಲ್ಕನೇ ಗುಂಪಿನದು, ಅಂದರೆ ಖಾಸಗಿಯಾದದ್ದು ಮಾತ್ರ. ಸ್ಕ್ಯಾನರ್‌ನಲ್ಲಾದರೆ ಸೂಕ್ಷ್ಮತೆ ಕಾಗದಕ್ಕೆ 300 ಡಿಪಿಐ, ಫೋಟೋಗೆ 600. ಮೊಬೈಲಿನಲ್ಲಿ ತೆಗೆಯುವುದಾದರೆ ಕಿಟಕಿಯ ಬೆಳಕು, ಸ್ಟ್ಯಾಂಡು, ಫ್ಲಾಶ್ ಇಲ್ಲ. ಸ್ಕ್ಯಾನ್ ಆ್ಯಪ್‌ಗಳು ಹಿನ್ನೆಲೆಯನ್ನು ತಾವಾಗಿಯೇ ಬಿಳಿ ಮಾಡಿ ಪೆನ್ಸಿಲ್ ಬರಹವನ್ನು ಅಳಿಸಿಬಿಡುತ್ತವೆ, ಆ ಆಯ್ಕೆಯನ್ನು ಮೊದಲೇ ತೆಗೆದುಹಾಕಿ. ಹಿಂಬದಿ ಖಾಲಿ ಇದ್ದಂತೆ ಕಂಡರೂ ತೆಗೆಯಿರಿ. ಕಡತದ ಹೆಸರು ಪಟ್ಟಿಯ ಸಂಖ್ಯೆಯೇ ಆಗಲಿ, ಇ-12-004 ಎಂಬಂತೆ (ಜಾಗದ ಅಕ್ಷರ, ಕಂತೆ, ಹಾಳೆ). ಮೂರು ಪ್ರತಿ ಇರಲಿ, ಒಂದು ಬೇರೆ ಊರಿನಲ್ಲಿ.

ವಾಟ್ಸಾಪ್ ಕುಟುಂಬದ ಗುಂಪಿಗೆ ಹಾಕಬೇಡಿ. ಚಿತ್ರ ಕುಗ್ಗುತ್ತದೆ ಎಂಬುದು ಸಣ್ಣ ಮಾತು; ಒಮ್ಮೆ ಹೋದದ್ದನ್ನು ಹಿಂದಕ್ಕೆ ಕರೆಯಲಾಗದು. ಇನ್ನೊಂದು: ಪತ್ರದ ಹಾಳೆ ನಿಮ್ಮ ಬಳಿ ಇದ್ದರೂ ಅದರ ಬರಹದ ಹಕ್ಕು ಬರೆದವರದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ಅವರು ತೀರಿಕೊಂಡ ಮೇಲೂ ಆ ಹಕ್ಕು ಅವರ ವಾರಸುದಾರರಿಗೆ ಉಳಿಯುತ್ತದೆ. ಸ್ಮರಣ ಸಂಚಿಕೆಯಲ್ಲಿ ಅಚ್ಚು ಹಾಕಿಸುವ ಮೊದಲು ಬರೆದವರ ಮನೆಯವರನ್ನು ಕೇಳಿ.

ಹಂತ 8: ಬಿಡಬಹುದಾದದ್ದು

ಒಂದೇ ಸುತ್ತೋಲೆಯ ಐದನೇ ಪ್ರತಿ, ಕರೆಂಟ್ ಬಿಲ್ಲು, ಅಕ್ಷರ ಅಳಿಸಿಹೋದ ಎಟಿಎಂ ಚೀಟಿ, ಬರೆಯದ ಡೈರಿ. ಇಷ್ಟೇ. ಪ್ರಬೋಧನೆಯ ಟಿಪ್ಪಣಿ ಕ್ಯಾಲೆಂಡರಿನ ಹಿಂಭಾಗದಲ್ಲಿ, ಮದುವೆ ಕರೆಯೋಲೆಯ ಮೇಲೆ ಇರುತ್ತದೆ. ಮುಂಬದಿ ನೋಡಿ ಎಸೆಯಬೇಡಿ. ಹೆಸರಿರುವ ಯಾವ ಕಾಗದವನ್ನೂ ರದ್ದಿ ಅಂಗಡಿಗೆ ಕೊಡಬೇಡಿ, ಸಂತೆಯಲ್ಲಿ ಕಡಲೆಕಾಯಿ ಪೊಟ್ಟಣವಾಗಿ ಅದೇ ಊರಿಗೆ ಮರಳಿ ಬಂದೀತು. ಮಂತ್ರಿಸಿದ ಚಿತ್ರಗಳು ಹರಿದುಹೋಗಿದ್ದರೆ ಸುಟ್ಟು ಬೂದಿಯನ್ನು ಯಾರೂ ತುಳಿಯದ ಜಾಗದ ಮಣ್ಣಿಗೆ ಸೇರಿಸಿ. ಬಿಟ್ಟದ್ದೇನೆಂದು ಪಟ್ಟಿಯಲ್ಲಿ ಒಂದು ಸಾಲು ಬರೆಯಿರಿ.

ಹಂತ 9: ಎಲ್ಲಿಡುವುದು, ಯಾರಿಗೆ ಒಪ್ಪಿಸುವುದು

ಮನೆಯಲ್ಲೇ ಇಡುವುದಾದರೆ ಒಳಗೋಡೆಯ ಕೋಣೆ, ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಗೆ ತಾಗದಂತೆ. ಅಡುಗೆಮನೆಯ ಅಟ್ಟ ಬೇಡ. ಹಿಂದಿನವರು ಹೊಗೆಗೆ ಹುಳ ಬರುವುದಿಲ್ಲವೆಂದು ಅಲ್ಲಿಡುತ್ತಿದ್ದರು, ಆದರೆ ಮಸಿ ಮತ್ತು ಬಿಸಿಗೆ ಕಾಗದ ಹಪ್ಪಳದಂತಾಗುತ್ತದೆ. ಕಬ್ಬಿಣದ ಬೀರು ಆಗಬಹುದು, ಒಳಗೆ ಸಿಲಿಕಾ ಜೆಲ್ ಪೊಟ್ಟಣ, ಒಳಗೊಂದು ತೇವಾಂಶದ ಮೀಟರ್. ಫೋಟೋಗಳಿಗೆ ಪಿವಿಸಿ ಹಾಳೆಯ ಆಲ್ಬಂ ಬಿಟ್ಟು ಕಾಗದದ ಲಕೋಟೆ ಬಳಸಿ.

ಒಪ್ಪಿಸುವುದಾದರೆ ಚಿಕ್ಕಮಗಳೂರಿನಲ್ಲಿರುವ ಧರ್ಮಾಧ್ಯಕ್ಷರ ಕಚೇರಿಗೆ ಮೊದಲು ಪತ್ರ ಬರೆದು, ಪಟ್ಟಿಯ ಪ್ರತಿ ಲಗತ್ತಿಸಿ, ದಿನ ಗೊತ್ತುಮಾಡಿಕೊಳ್ಳಿ. ಹೇಳದೆ ಟ್ರಂಕು ಒಯ್ದು ಇಳಿಸಿ ಬಂದರೆ ಅದು ಯಾವುದೋ ಉಗ್ರಾಣದ ಮೂಲೆ ಸೇರುತ್ತದೆ. ಒಪ್ಪಿಗೆ ಪತ್ರದಲ್ಲಿ ನಾಲ್ಕು ವಿಷಯ ಇರಲೇಬೇಕು: ಕೊಟ್ಟದ್ದರ ಪೂರ್ತಿ ಪಟ್ಟಿ, ಇದು ದಾನವೋ, ಇಟ್ಟುಕೊಳ್ಳಲು ಮಾತ್ರ ಕೊಟ್ಟದ್ದೋ, ಯಾವ ಕಂತೆ ಎಷ್ಟು ವರ್ಷ ಮುಚ್ಚಿರಬೇಕು, ಮನೆಯವರು ನೋಡಬೇಕೆಂದರೆ ಯಾರನ್ನು ಕೇಳಬೇಕು. ಬದುಕಿರುವವರ ವಿಷಯ ಇರುವ ದಿನಚರಿಗಳಿಗೆ ನಾನು 50 ವರ್ಷ ಬರೆಸುತ್ತೇನೆ. ಕೆಲವರಿಗೆ ಅದು ಹೆಚ್ಚೆನಿಸಿದೆ. ಚಿಕ್ಕ ಊರುಗಳಲ್ಲಿ ಮೊಮ್ಮಕ್ಕಳ ಕಾಲದವರೆಗೂ ಮಾತು ನಿಲ್ಲುತ್ತದೆಂದು ನಾನು ಅದನ್ನು ಇಳಿಸಿಲ್ಲ. ಕುಟುಂಬದವರು ತಮ್ಮ ತಮ್ಮಲ್ಲಿ ಪತ್ರಗಳನ್ನು ಹಂಚಿಕೊಳ್ಳಬೇಡಿ. ಹಂಚಬೇಕಿದ್ದರೆ ನಕಲುಗಳನ್ನು ಹಂಚಿ, ಮೂಲ ಒಂದೇ ಕಡೆ ಇರಲಿ.

ಫ್ರೆಂಚ್ ಮಿಷನರಿಗಳ ಕಾಲದ ಪತ್ರಗಳು ಸಿಕ್ಕರೆ ಪ್ಯಾರಿಸ್ಸಿನ ವಿದೇಶಿ ಮಿಷನ್ ಸಂಸ್ಥೆಯಲ್ಲಿ ಆ ಗುರುಗಳು ಕಳಿಸಿದ ಪತ್ರಗಳ ಸಂಗ್ರಹವಿದೆ. ಹೆಸರು ಮತ್ತು ವರ್ಷ ತಿಳಿಸಿ ಕೇಳಿದರೆ ಪತ್ರದ ಇನ್ನೊಂದು ತುದಿ ಸಿಗಬಹುದು. ಮೂಲವನ್ನು ಅಂಚೆಯಲ್ಲಿ ಕಳಿಸಬೇಡಿ, ನಕಲು ಸಾಕು.

ಮನೆಯಲ್ಲಿ ಉಳಿಸಿಕೊಂಡದ್ದನ್ನು ವರ್ಷಕ್ಕೆ ಎರಡು ಸಲ ತೆಗೆದು ನೋಡಿ: ಮೇ ಕೊನೆಯಲ್ಲಿ ಮಳೆ ಹಿಡಿಯುವ ಮೊದಲು, ಅಕ್ಟೋಬರ್‌ನಲ್ಲಿ ಬಿಟ್ಟ ಮೇಲೆ. ಸಿಲಿಕಾ ಜೆಲ್ ಬದಲಿಸಿ, ಬೀರುವಿನ ಮೂಲೆಗಳನ್ನು ಟಾರ್ಚ್ ಹಾಕಿ ನೋಡಿ, ನೋಡಿದ ತಾರೀಖನ್ನು ಪಟ್ಟಿಯ ಕೊನೆಯ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಬರೆಯಿರಿ.